ಮಂಗಳವಾರದ ವಾಲಿಬಾಲ್ ಮತ್ತು ನಾನು ಕೊಟ್ಟ ಸಲಹೆ

ನಾನು ಕರಾವಳಿಯವನು. ಕೆಲವು ವರ್ಷಗಳಿಂದ ರಾಜ್ಯದ ಇನ್ನೊಂದು ತುದಿಯಲ್ಲಿ, ಬಸವಕಲ್ಯಾಣ, ಹುಮನಾಬಾದ್ ಕಡೆಯ ಗೋರ್ಟಾ (ಬಿ)ಯಲ್ಲಿ ಮಕ್ಕಳಿಗೆ ಕಲಿಸಿಕೊಂಡಿದ್ದೇನೆ. ಇಲ್ಲಿ ನನ್ನನ್ನು ಯಾರೂ ಉಸ್ತಾದ್ ಅನ್ನುವುದಿಲ್ಲ, ಹಜ್ರತ್ ಅಂತಾರೆ. ನಮ್ಮ ಉಮ್ಮ ಇಲ್ಲಿ ಅಮ್ಮಿ. ಮೀನು ಸಾರಿನ ಜಾಗದಲ್ಲಿ ತೊಗರಿ ಬೇಳೆ, ಜೋಳದ ರೊಟ್ಟಿ. ಆದರೆ ಮಗನನ್ನು ಓದಲಿಕ್ಕೆ ವಿದೇಶಕ್ಕೆ ಕಳಿಸಿದ ಮನೆಯ ಚಿಂತೆ ಮಾತ್ರ ಎರಡೂ ಕಡೆ ಒಂದೇ ಎಂದು ಕಳೆದ ವರ್ಷ ಗೊತ್ತಾಯಿತು.

ಸೋಯಾ ರಾಶಿ ಮುಗಿದ ಹೊತ್ತು. ಇಶಾ ನಮಾಜ್ ಆದ ಮೇಲೆ ಒಬ್ಬರು ಮೊಬೈಲ್ ಹಿಡಿದುಕೊಂಡು ಬಂದರು. ಅವರ ಮಗ ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ, ಚಿಕ್ಕವನಿದ್ದಾಗ ನನ್ನ ಹತ್ತಿರ ಕಲಿತವನು. ಅವನ ವಾಟ್ಸಾಪ್ ಸ್ಟೇಟಸ್ ತೋರಿಸಿದರು. ಜೆರ್ಸಿ ಹಾಕಿಕೊಂಡು ಹತ್ತು ಹನ್ನೆರಡು ಹುಡುಗರ ನಡುವೆ ನಗುತ್ತಾ ನಿಂತಿದ್ದಾನೆ, ಕೈಯಲ್ಲಿ ವಾಲಿಬಾಲ್. ಇನ್ನೊಂದು ಚಿತ್ರದಲ್ಲಿ ಹಾಸ್ಟೆಲಿನ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಗೆ ಸೌಟು ಹಾಕುತ್ತಿದ್ದಾನೆ. "ಹಜ್ರತ್, ಹೊಲ ಬ್ಯಾಂಕಿನಾಗ ಇಟ್ಟೀನಿ. ಇವ ಅಲ್ಲಿ ಆಟ ಆಡಕತ್ತಾನ. ನನ್ನ ಮಾತು ಕೇಳಂಗಿಲ್ಲ, ನೀವೊಂದು ಮಾತು ಹೇಳ್ರಿ" ಅಂದರು.

ನಾನು ಫೋನ್ ಮಾಡಿ ಹೇಳಿದೆ. ಆಟ, ಪಾರ್ಟಿ, ಗೆಳೆಯರು ಎಲ್ಲ ಡಿಗ್ರಿ ಮುಗಿದ ಮೇಲೆ ಇರಲಿ ಬೇಟಾ, ಈಗ ಓದು ಒಂದೇ ನೋಡು ಅಂದೆ. ಅವನು "ಜೀ ಹಜ್ರತ್" ಅಂದ. ಅಷ್ಟೇ. ಸ್ಟೇಟಸ್ ನಿಂತಿತು. ತಂದೆಗೆ ಸಮಾಧಾನ, ನನಗೂ ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿ. ಫೆಬ್ರವರಿಯ ಪರೀಕ್ಷೆಯಲ್ಲಿ ಅವನು ಎರಡು ವಿಷಯಗಳಿಗೆ ಹಾಜರಾಗಲೇ ಇಲ್ಲ.

ಈ ತಪ್ಪು ನನ್ನದು, ಹಾಗಾಗಿ ಇದನ್ನು ಬರೆಯುವ ಹಕ್ಕೂ ನನಗಿದೆ ಅಂದುಕೊಂಡಿದ್ದೇನೆ.

ನಮ್ಮ ಬ್ಯಾರಿ ಮನೆಗಳಿಗೆ ಗಲ್ಫ್ ಗೊತ್ತು. ಮಗ ಹೋದ, ದುಡಿದ, ತಿಂಗಳಿಗೆ ಇಷ್ಟು ಬಂತು. ಆ ಲೆಕ್ಕವನ್ನೇ ನಾವೀಗ ಓದಲು ಹೋದವನ ಮೇಲೂ ಹಾಕುತ್ತಿದ್ದೇವೆ. ಇವನು ಹೋದ ಮೇಲೆ ಎರಡು ವರ್ಷ ಹಣ ಆ ಕಡೆಗೇ ಹರಿಯುತ್ತದೆ. ಜರ್ಮನಿಯ ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷಕ್ಕೆ 11,904 ಯೂರೋ ಇಟ್ಟು ತೋರಿಸಬೇಕು, ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಅಲ್ಲಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಫೀಸಿಲ್ಲ ಎಂಬುದು ನಿಜ, ಆದರೆ ಮೊದಲಿನ ಆ ಗಂಟು ಎಲ್ಲಿಂದ ಬರುತ್ತದೆ? ಜಾಗ ಅಡವಿಟ್ಟು, ಬಂಗಾರ ಅಡವಿಟ್ಟು. ಹಾಗಾಗಿ ಅವನು ನಕ್ಕರೂ ನಮಗೆ ಬಡ್ಡಿ ನೆನಪಾಗುತ್ತದೆ. ತಂದೆಯ ಭಯ ಸುಳ್ಳಲ್ಲ.

ಆದರೂ ಗಲ್ಫಿನಲ್ಲಿದ್ದು ಬಂದ ನಮ್ಮ ಹಿರಿಯರನ್ನೇ ಕೇಳಿ ನೋಡಿ. ಶುಕ್ರವಾರ ರೂಮಿನವರೆಲ್ಲ ಸೇರಿ ಬಿರಿಯಾನಿ ಮಾಡದೆ, ಕೇರಂ ಆಡದೆ, ಊರಿನವರ ರೂಮಿಗೆ ಹೋಗಿ ಬರದೆ ಹತ್ತು ವರ್ಷ ಕಳೆದವರು ಯಾರಿದ್ದಾರೆ? ಅದನ್ನು ನಾವು ಸೋಮಾರಿತನ ಅಂತ ಯಾವತ್ತಾದರೂ ಕರೆದಿದ್ದೇವಾ?

ಒಂದು ಲೆಕ್ಕ ನೋಡೋಣ. ವಾರಕ್ಕೆ 168 ಗಂಟೆ. ಯುರೋಪಿನ ಎಂ.ಎಸ್.ನಲ್ಲಿ ಒಂದು ಸೆಮಿಸ್ಟರಿಗೆ ಸಾಮಾನ್ಯವಾಗಿ 30 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ಓದು. ಅಂದರೆ ಅರ್ಧ ವರ್ಷಕ್ಕೆ ಹೆಚ್ಚೆಂದರೆ 900 ಗಂಟೆ, ವಾರಕ್ಕೆ ಸುಮಾರು 35. ಪರೀಕ್ಷೆ ಹತ್ತಿರವಾದಾಗ ಹೆಚ್ಚಾಗುತ್ತದೆ, 40 ಅಂತ ಇಟ್ಟುಕೊಳ್ಳಿ. ನಿದ್ದೆಗೆ 56. ಪಾರ್ಟ್ ಟೈಮ್ ಕೆಲಸಕ್ಕೆ 20. ಉಳಿದದ್ದು 52. ಅಡುಗೆ, ಬಟ್ಟೆ, ಬಸ್ಸು, ನಮಾಜ್ ಎಲ್ಲ ಅದರಲ್ಲೇ. ಹುಡುಗನ ವಾಲಿಬಾಲ್ ಮಂಗಳವಾರ ಎರಡು ಗಂಟೆ, ಗುರುವಾರ ಎರಡು ಗಂಟೆ. ನಾಲ್ಕು ಗಂಟೆಗೆ ನಾವು ಇಷ್ಟು ರಾದ್ಧಾಂತ ಮಾಡಿದ್ದು. (ಮನೆಯಿಂದ ಅಬ್ಬಾ, ಅಮ್ಮಿ, ಅಕ್ಕ, ಮಾಮ ಎಲ್ಲರೂ ಸೇರಿ ದಿನಕ್ಕೆ ಒಂದು ಗಂಟೆ ಫೋನಿನಲ್ಲಿ ಮಾತಾಡಿಸಿದರೆ ವಾರಕ್ಕೆ ಏಳು ಗಂಟೆ. ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ.)

ಆ ನಾಲ್ಕು ಗಂಟೆ ನಿಂತ ಮೇಲೆ ಏನಾಯಿತು ಅಂತ ಮಾರ್ಚಿನಲ್ಲಿ ಅವನೇ ಹೇಳಿದ. ಹಿಂದಿನ ವರ್ಷದ ಪ್ರಶ್ನೆಗಳು, ಯಾವ ಪ್ರೊಫೆಸರ್ ಹೇಗೆ ಕೇಳುತ್ತಾರೆ, ಯಾವ ವಿಷಯ ಮೊದಲು ತಗೋಬೇಕು, ಎಲ್ಲವೂ ಅವನಿಗೆ ಸಿಗುತ್ತಿದ್ದದ್ದು ಆ ಮೈದಾನದ ಹುಡುಗರಿಂದ. ಶನಿವಾರ ಅಡುಗೆ ಆದ ಮೇಲೆ ಅದೇ ಮೇಜಿನಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದರು. ನಾನು ಆಟ ಬಿಡಿಸಿದ್ದು ಅಂತ ತಿಳಿದಿದ್ದೆ, ಬಿಡಿಸಿದ್ದು ಗುಂಪನ್ನು. ಸಂಜೆ ಖಾಲಿ ಆಯಿತಲ್ಲ, ಮನೆಗೂ ಸ್ವಲ್ಪ ಆಗಲಿ ಅಂತ ಪಾರ್ಸೆಲ್ ಗೋದಾಮಿನಲ್ಲಿ ಒಂದು ಶಿಫ್ಟ್ ಹೆಚ್ಚಿಗೆ ಹಿಡಿದ. ಚಳಿಗಾಲದಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲೆ. ಗೋದಾಮು, ರೂಮು, ಫೋನು. ಓದುವ ಗಂಟೆ ಹೆಚ್ಚಲಿಲ್ಲ, ಕಡಿಮೆಯಾಯಿತು. ಪರೀಕ್ಷೆಯ ದಿನ ಹಾಸಿಗೆಯಿಂದ ಏಳಲು ಆಗಲಿಲ್ಲ ಅಂದ. ಹುಷಾರಿಲ್ಲವಾ ಅಂತ ಕೇಳಿದರೆ, ಹಾಗೇನಿಲ್ಲ ಹಜ್ರತ್, ಸುಮ್ಮನೆ ಆಗಲಿಲ್ಲ ಅಂದ. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ.

ಹೊರಗೆ ಹೋಗಿ ಓದಿದ ನಮ್ಮ ಕನ್ನಡದವರನ್ನೇ ನೋಡಿ. ಗಿರೀಶ್ ಕಾರ್ನಾಡರು ಧಾರವಾಡದಿಂದ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ 1960ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಹೋಗುವ ಮುಂಚೆ ಮನೆಯಲ್ಲಿ ಇದೇ ಚಿಂತೆ. ಹುಡುಗ ವಾಪಸ್ ಬರುತ್ತಾನಾ, ಅಲ್ಲಿಯೇ ಮದುವೆ ಆಗಿಬಿಡುತ್ತಾನಾ ಅಂತ. ಆ ಒತ್ತಡದ ದಿನಗಳಲ್ಲೇ ಅವರು 'ಯಯಾತಿ' ಬರೆದದ್ದು, 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಅಚ್ಚು ಹಾಕಿತು. ತನಗೆ ಬಂದ ಮುಪ್ಪನ್ನು ಮಗನಿಗೆ ಕೊಟ್ಟು ಮಗನ ಯೌವನವನ್ನು ತಾನು ಪಡೆಯುವ ತಂದೆಯ ಕಥೆ ಅದು. ಮಗನ ಸ್ಟೇಟಸ್ ನೋಡಿ ಸಿಟ್ಟಾಗುವ ನಾವೆಲ್ಲ ಒಂದು ಸಲ ಓದಬಹುದಾದ ನಾಟಕ. ಆಕ್ಸ್‌ಫರ್ಡಿನಲ್ಲಿ ಅವರು ಪುಸ್ತಕ ಹಿಡಿದುಕೊಂಡೇ ಕೂರಲಿಲ್ಲ. ಅಲ್ಲಿನ ಚರ್ಚಾ ಸಂಘವಾದ ಆಕ್ಸ್‌ಫರ್ಡ್ ಯೂನಿಯನ್ನಿನಲ್ಲಿ ಮಾತಾಡಿ, ಚುನಾವಣೆಗೆ ನಿಂತು ಗೆದ್ದು, 1962–63ರಲ್ಲಿ ಅದರ ಅಧ್ಯಕ್ಷರೇ ಆದರು. ಓದೂ ಮುಗಿಯಿತು.

ಯು.ಆರ್. ಅನಂತಮೂರ್ತಿಯವರದ್ದು ಇನ್ನೂ ಸ್ವಾರಸ್ಯ. ತೀರ್ಥಹಳ್ಳಿ ಕಡೆಯ ಮೇಳಿಗೆಯವರು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಒಂದು ದಿನ ತಮ್ಮ ಗುರು ಮಾಲ್ಕಂ ಬ್ರಾಡ್ಬರಿ ಅವರೊಂದಿಗೆ ಸ್ವೀಡನ್ನಿನ ಬರ್ಗ್‌ಮನ್ ಅವರ ಒಂದು ಸಿನಿಮಾ ನೋಡಲು ಹೋದರು. ಸಬ್‌ಟೈಟಲ್ ಇಲ್ಲದ ಸಿನಿಮಾ. ಅದನ್ನು ನೋಡಿದ ಮೇಲೆ ಇಬ್ಬರೂ ಮಾತಾಡಿಕೊಂಡದ್ದೇ ಬೀಜವಾಗಿ 'ಸಂಸ್ಕಾರ' ಕಾದಂಬರಿ ಹುಟ್ಟಿತು, 1965ರಲ್ಲಿ ಪ್ರಕಟವಾಯಿತು. ಮರುವರ್ಷ ಪಿಎಚ್.ಡಿ.ಯೂ ಬಂತು. ಓದು ಬಿಟ್ಟು ಸಿನಿಮಾಕ್ಕೆ ಯಾಕೆ ಹೋದೆ ಎಂದು ಆ ರಾತ್ರಿ ಯಾರಾದರೂ ಊರಿನಿಂದ ಬೈದಿದ್ದರೆ?

ಇವರಿಬ್ಬರಿಗೂ ವಿದ್ಯಾರ್ಥಿವೇತನ ಇತ್ತು, ಬ್ಯಾಂಕಿನ ನೋಟಿಸ್ ಇರಲಿಲ್ಲ ಅಂತ ನೀವು ಹೇಳಬಹುದು. ಸರಿಯಾದ ಮಾತು. ಎಲ್ಲ ಹುಡುಗರೂ ಕಾರ್ನಾಡ್ ಆಗುವುದೂ ಇಲ್ಲ. ಆದರೆ ಸಾಲ ಇರುವವನಿಗೆ ಗೆಳೆಯರು ಇನ್ನೂ ಹೆಚ್ಚು ಬೇಕು. ಜರ್ಮನಿಯ ಹಲವು ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯದಲ್ಲಿ ಎರಡು ಮೂರು ಸಲ ಫೇಲಾದರೆ ಆ ಕೋರ್ಸಿನಿಂದಲೇ ಹೊರಗೆ ಹಾಕುತ್ತಾರೆ. ಅಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಮಾತ್ರ ಕೆಲಸ ಮಾಡಬಹುದು, ಬ್ರಿಟನ್ನಿನಲ್ಲಿ ತರಗತಿ ಇರುವಾಗ ವಾರಕ್ಕೆ 20 ಗಂಟೆ. ಮನೆಯಿಂದ "ಏನಾದರೂ ಕಳಿಸು" ಅಂದಾಗ ಈ ಗಡಿ ದಾಟಿ ದುಡಿಯುವವರಿದ್ದಾರೆ, ಸಿಕ್ಕಿಬಿದ್ದರೆ ವೀಸಾಕ್ಕೇ ಕುತ್ತು. ಓದನ್ನು ಕೆಡಿಸುವುದು ವಾಲಿಬಾಲ್ ಅಲ್ಲ, ಇದು.

ಅತಿ ಮಾಡುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಬಂದ ವಾರವೇ ನಾಲ್ಕು ಸಂಘಕ್ಕೆ ಸೇರಿ, ದೀಪಾವಳಿ, ಈದ್, ಕ್ರಿಕೆಟ್ ಲೀಗ್ ಎಲ್ಲದರ ಸಮಿತಿಯಲ್ಲಿ ಹೆಸರು ಹಾಕಿಸಿಕೊಂಡವನದ್ದು ಹವ್ಯಾಸ ಅಲ್ಲ, ಸಂಬಳ ಇಲ್ಲದ ನೌಕರಿ. ಅವನಿಗೆ ಒಂದು ಆಟ, ಒಂದು ಬಳಗ ಸಾಕು ಅಂತ ಹೇಳಬೇಕು. ಕುಡಿತದ ಪಾರ್ಟಿಗಳ ಭಯವೂ ಪೋಷಕರಿಗೆ ಇದೆ. ನನಗೆ ಕಂಡ ಹಾಗೆ ತನ್ನದೇ ಬಳಗ ಇರುವವನು "ನಾನು ಬರೋದಿಲ್ಲ" ಅಂತ ಸಲೀಸಾಗಿ ಹೇಳುತ್ತಾನೆ. ಯಾರೂ ಇಲ್ಲದವನು ಕರೆದ ಕಡೆಗೆಲ್ಲ ಹೋಗುತ್ತಾನೆ.

ನಮ್ಮ ಹೆಣ್ಣುಮಕ್ಕಳ ವಿಷಯ ಬೇರೆಯೇ ಬರೆಯಬೇಕು. ಅವರು ಸಂಜೆ ಕೆರೆಯ ದಂಡೆಯಲ್ಲಿ ನಾಲ್ಕು ಹೆಜ್ಜೆ ನಡೆದ ಚಿತ್ರ ಹಾಕಿದರೂ ಕುಟುಂಬದ ಗ್ರೂಪಿನಲ್ಲಿ ಪ್ರಶ್ನೆ ಏಳುತ್ತದೆ. ಹಾಗಾಗಿ ಎಷ್ಟೋ ಮಂದಿ ಏನನ್ನೂ ಹಾಕುವುದೇ ಇಲ್ಲ, ಏನನ್ನೂ ಹೇಳುವುದೂ ಇಲ್ಲ. ಮಗಳು ಹೇಳದೆ ಇರುವುದನ್ನು ನಾವು ಒಳ್ಳೆಯ ನಡತೆ ಅಂದುಕೊಂಡಿದ್ದೇವೆ.

ದೀನ್ ಏನು ಹೇಳುತ್ತದೆ ಅಂತ ಕೇಳುವವರಿಗೆ ಸಲ್ಮಾನ್ ಮತ್ತು ಅಬೂದರ್ದಾ ಅವರ ಸಂಗತಿ ಗೊತ್ತಿರುತ್ತದೆ. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಜ್ ಎಂದಿದ್ದ ಗೆಳೆಯನನ್ನು ಸಲ್ಮಾನ್ ತಡೆದು ಉಣ್ಣಿಸಿ, ಮಲಗಿಸಿ, ನಿನ್ನ ದೇಹಕ್ಕೂ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ ಅಂದರು. ಪ್ರವಾದಿಯವರು (ಸ.ಅ.) ಸಲ್ಮಾನ್ ಹೇಳಿದ್ದು ಸರಿ ಅಂದರು. ಇದನ್ನು ಎಷ್ಟೋ ವರ್ಷದಿಂದ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಆ ಹುಡುಗನಿಗೆ ಫೋನ್ ಮಾಡಿದ ರಾತ್ರಿ ಮಾತ್ರ ನೆನಪಿಗೆ ಬರಲಿಲ್ಲ.

ಮಾರ್ಚಿನಲ್ಲೇ ಅವನಿಗೆ ನನ್ನ ಮಾತನ್ನು ವಾಪಸ್ ತಗೊಂಡಿದ್ದೇನೆ ಅಂತ ಹೇಳಿದೆ. ತಂದೆಯನ್ನೂ ಕೂರಿಸಿಕೊಂಡು ಮೇಲಿನ ಲೆಕ್ಕವನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವರು ಬಹಳ ಹೊತ್ತು ಸ್ಲೇಟನ್ನೇ ನೋಡಿದರು. ಗೋದಾಮಿನ ಹೆಚ್ಚಿನ ಶಿಫ್ಟ್ ಬಿಡಲು ಹೇಳುತ್ತೇನೆ, ಈ ವರ್ಷದ ಕಂತು ತೊಗರಿಯಲ್ಲಿ ಹೇಗೋ ನೋಡಿಕೊಳ್ಳುತ್ತೇನೆ ಅಂದರು. ಉಳಿದ ಎರಡು ವಿಷಯಗಳ ಪರೀಕ್ಷೆ ಅವನಿಗೆ ಇನ್ನು ಮುಂದಿದೆ.

ಮೊನ್ನೆ ಅಸರ್ ಆದ ಮೇಲೆ ಅವರು ಮತ್ತೆ ಮೊಬೈಲ್ ಹಿಡಿದು ಬಂದರು. ನನಗೆ ಎದೆ ಧಸಕ್ ಅಂತು. "ಹಜ್ರತ್, ಹುಡುಗ ನನ್ನನ್ನ ಲಿಬೆರೊ ಮಾಡ್ಯಾರ ಅಂತ ಬರದಾನ. ಲಿಬೆರೊ ಅಂದ್ರ ಏನ್ರಿ?" ಅಂದರು. ನನಗೂ ಗೊತ್ತಿರಲಿಲ್ಲ. ಅಂಗಳದಲ್ಲಿ ಆಡುತ್ತಿದ್ದ ಹುಡುಗರನ್ನು ಕರೆದು ಕೇಳಿದೆವು.