ಕಾರಿನ ಮೆರುಗಿಗೆ ಗಾಳಿಯೋ, ವಿದ್ಯುತ್ತೋ
ಯಾದಗಿರಿ, ಶಹಾಪುರ, ಸುರಪುರಗಳ ಎರೆಮಣ್ಣಿನ ಧೂಳು ಮತ್ತು 40 ಡಿಗ್ರಿ ದಾಟುವ ಬೇಸಿಗೆಯ ಬಿಸಿಲು ಕಾರಿನ ಬಣ್ಣವನ್ನು ಬೇಗ ಮಂಕಾಗಿಸುವುದರಿಂದ, ಇಲ್ಲಿನ ಗ್ಯಾರೇಜುಗಳಿಗೆ ಪಾಲಿಶ್ ಯಂತ್ರದ ಆಯ್ಕೆ ನಿಜಕ್ಕೂ ಮುಖ್ಯವಾದುದು. ಗಾಳಿಯನ್ನು ಒತ್ತಿ ಟ್ಯಾಂಕಿನಲ್ಲಿ ಕೂಡಿಡುವ ಕಂಪ್ರೆಸರ್ ಟೈರಿಗಾಗಿಯೋ ಬಣ್ಣ ಸಿಂಪಡಿಸಲೆಂದೋ ಈಗಾಗಲೇ ಇರುವಾಗ ಅದರಿಂದಲೇ ಪಾಲಿಶ್ ಕೂಡ ಮಾಡಿದರಾಯಿತೆಂಬ ಎಣಿಕೆ ಸಹಜವಾದರೂ ಸರಿಯಲ್ಲ. ಏಕೆಂದರೆ ಬಹುಹೊತ್ತು ಎಡೆಬಿಡದೆ ತಿರುಗಬೇಕಾದ ಗಾಳಿಯ ಪಾಲಿಶರ್‌ಗೆ ಸಣ್ಣ ಕಂಪ್ರೆಸರ್ ಸಾಕಷ್ಟು ಗಾಳಿ ಒದಗಿಸಲಾರದು, ಒತ್ತಡ ಕುಸಿದೊಡನೆ ವೇಗವೂ ಕುಸಿಯುತ್ತದೆ, ಮೇಲಾಗಿ ಕಂಪ್ರೆಸರ್ ಎಳೆದುಕೊಳ್ಳುವ ವಿದ್ಯುತ್ತಿನ ಬಹುಪಾಲು ಶಾಖವಾಗಿ ಪೋಲಾಗುತ್ತದೆ. ವಿದ್ಯುತ್ ಪಾಲಿಶರ್ ಕೈಗೆ ಭಾರವೆನಿಸಿದರೂ, ಎಲೆಕ್ಟ್ರಾನಿಕ್ ವೇಗ ನಿಯಂತ್ರಣವುಳ್ಳ ಒಳ್ಳೆಯ ಮಾದರಿಗಳು ಒತ್ತಿ ಹಿಡಿದಾಗಲೂ ವೇಗವನ್ನು ಕಾಯ್ದುಕೊಳ್ಳುತ್ತವೆ. ಬಣ್ಣದ ಮೇಲಿನ ಪಾರದರ್ಶಕ ರಕ್ಷಾಪದರವಾದ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ಹೆಚ್ಚೆಂದರೆ ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಭಾಗದಷ್ಟೇ ದಪ್ಪವಿರುವುದರಿಂದ ಈ ಸ್ಥಿರತೆಯನ್ನು ಹಗುರವಾಗಿ ಕಾಣುವಂತಿಲ್ಲ. ನೀರು ಹಾಕಿ ಉಜ್ಜುವ ಕೆಲಸಕ್ಕೆ ಮಾತ್ರ, ಶಾಕ್ ಹೊಡೆಯುವ ಭಯವಿಲ್ಲದ ಗಾಳಿಯ ಉಪಕರಣವೇ ಲೇಸು. ಆಗಲೂ ಗಾಳಿಯ ಪೈಪಿನಲ್ಲಿ ಸೇರುವ ನೀರನ್ನೂ ಎಣ್ಣೆಯನ್ನೂ ಸೋಸುವ ಫಿಲ್ಟರ್ ಇರಲೇಬೇಕು. ಯಾವ ಯಂತ್ರವಾದರೂ, ಬಿಸಿಲಿಗೆ ಕಾದ ಬಾನೆಟ್ಟಿನ ಮೇಲೆ ಅದನ್ನು ಓಡಿಸಿದರೆ ಪಾಲಿಶ್ ಒಣಗಿ ಗೀರು ಬೀಳುವುದರಿಂದ, ಧೂಳು ತೊಳೆದ ಕಾರನ್ನು ನೆರಳಿನಲ್ಲಿ ತಣಿಯಗೊಟ್ಟ ಬಳಿಕವೇ ಕೆಲಸ ಆರಂಭಿಸಬೇಕು.