‘ರಕ್ತ ಕಡಿಮೆ’ ಎಂದರೆ ಯಾವ ಕಾಯಿಲೆ? ಮೊಬೈಲ್ ಕೊಡುವ ಉತ್ತರ ಮತ್ತು ನಮ್ಮ ಮನೆಗಳು

ಮದುವೆ ಮಾತುಕತೆ ನಡೆಯುತ್ತಿರುವ ಒಂದು ಮನೆಯನ್ನು ಎಣಿಸಿಕೊಳ್ಳಿ. ಹುಡುಗಿಗೆ ಸುಸ್ತು ಎಂದು ರಕ್ತ ಪರೀಕ್ಷೆ ಮಾಡಿಸಿದ್ದಾರೆ. ಹಿಮೋಗ್ಲೋಬಿನ್ 10.4 ಎಂದು ಬಂದಿದೆ. ವರದಿ ಮೊಬೈಲಿಗೆ ಬಂದ ಐದೇ ನಿಮಿಷಕ್ಕೆ ಅಣ್ಣ ‘ಹಿಮೋಗ್ಲೋಬಿನ್ ಹೆಚ್ಚಿಸುವುದು ಹೇಗೆ’ ಎಂದು ಹುಡುಕುತ್ತಾನೆ. ಬೀಟ್‌ರೂಟ್, ದಾಳಿಂಬೆ, ಖರ್ಜೂರ, ಬೆಲ್ಲ, ಜೊತೆಗೊಂದು ಕಬ್ಬಿಣಾಂಶದ ಟಾನಿಕ್ ಎಂಬ ಪಟ್ಟಿ ಸಿದ್ಧವಾಗುತ್ತದೆ. ಅದೇ ವರದಿಯ ಕೆಳಗೆ ಎಂಸಿವಿ 64, ಕೆಂಪು ರಕ್ತಕಣಗಳ ಎಣಿಕೆ 56 ಲಕ್ಷ ಎಂಬ ಎರಡು ಸಾಲುಗಳಿವೆ. ಅವುಗಳ ಕಡೆ ಯಾರ ಕಣ್ಣೂ ಹೋಗುವುದಿಲ್ಲ.

ಆ ಎರಡು ಸಾಲುಗಳೇ ಇಲ್ಲಿ ಮುಖ್ಯ. ಎಂಸಿವಿ ಎಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರ. ಅದು 80ಕ್ಕಿಂತ ಕೆಳಗಿದ್ದರೆ ಕಣಗಳು ಚಿಕ್ಕದಾಗಿವೆ ಎಂದರ್ಥ. ಕಬ್ಬಿಣಾಂಶದ ಕೊರತೆಯಲ್ಲೂ ಕಣ ಚಿಕ್ಕದಾಗುತ್ತದೆ, ಆದರೆ ಆಗ ಸಾಮಾನ್ಯವಾಗಿ ಎಣಿಕೆಯೂ ಇಳಿಯುತ್ತದೆ. ಇಲ್ಲಿ ಕಣ ಚಿಕ್ಕದು, ಎಣಿಕೆ ಮಾತ್ರ ಹೆಚ್ಚು. 64ನ್ನು 5.6ರಿಂದ ಭಾಗಿಸಿದರೆ 11.4 ಬರುತ್ತದೆ. ಇದು 13ಕ್ಕಿಂತ ಕಡಿಮೆ ಇದ್ದರೆ ವೈದ್ಯರು ಥಲಸ್ಸೇಮಿಯಾ ವಾಹಕರಿರಬಹುದೇ ಎಂದು ಅನುಮಾನಿಸುತ್ತಾರೆ. ಇದು ಸುಳಿವು ಮಾತ್ರ. ಖಚಿತಪಡಿಸಲು ಎಚ್‌ಬಿಎ2 ಪ್ರಮಾಣ ತಿಳಿಸುವ ಪ್ರತ್ಯೇಕ ಪರೀಕ್ಷೆ ಬೇಕು. ವಾಹಕರು ಆರೋಗ್ಯವಾಗಿಯೇ ಬದುಕುತ್ತಾರೆ. ಆದರೆ ಗಂಡ-ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ತೀವ್ರ ಥಲಸ್ಸೇಮಿಯಾ ಬರುವ ಸಾಧ್ಯತೆ ಶೇ. 25. ಅಂಥ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಿಸುತ್ತಲೇ ಇರಬೇಕು.

ಹಾಗಾದರೆ ಅಂತರ್ಜಾಲ ಹೇಳಿದ್ದು ಸುಳ್ಳೇ? ಪೂರ್ತಿ ಸುಳ್ಳಲ್ಲ. ಅದು ಬೇರೆ ಪ್ರಶ್ನೆಗೆ ಉತ್ತರ. ‘ಹೇಗೆ ಹೆಚ್ಚಿಸಲಿ’ ಎಂದು ಕೇಳಿದವರಿಗೆ ಅದು ದಾರಿ ಹೇಳಿತು. ‘ಯಾಕೆ ಕಡಿಮೆಯಾಯಿತು’ ಎಂದು ಅಣ್ಣ ಕೇಳಲಿಲ್ಲ, ಅದೂ ತಿರುಗಿ ಕೇಳಲಿಲ್ಲ. ರಕ್ತದ ಕಾಯಿಲೆಗಳ ಬಗ್ಗೆ ನಮಗೆ ಸಿಗುವ ಮಾಹಿತಿಯ ದೊಡ್ಡ ದೋಷ ಇದೇ ಎಂದು ನನಗನಿಸುತ್ತದೆ. ‘ರಕ್ತ ಕಡಿಮೆ’ ಎಂಬುದು ರೋಗದ ಹೆಸರಲ್ಲ, ಜ್ವರ ಎಂದ ಹಾಗೆ ಅದೊಂದು ಲಕ್ಷಣ.

ಇದಕ್ಕೆ ಕಾರಣವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶದ ಕೊರತೆ ಇದರ ಪ್ರಮುಖ ಕಾರಣಗಳಲ್ಲೊಂದು. ಆದ್ದರಿಂದ ಈ ಲೇಖನ ಓದಿ ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಯಾರೂ ಕಸಕ್ಕೆ ಹಾಕಬಾರದು. ಗರ್ಭಿಣಿಯರಂತೂ ವೈದ್ಯರನ್ನು ಕೇಳದೆ ನಿಲ್ಲಿಸಲೇಬಾರದು. ತಿಂಗಳುಗಟ್ಟಲೆ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದಾಗ ಇನ್ನೊಂದು ಟಾನಿಕ್ ಹುಡುಕುವ ಬದಲು ಫೆರಿಟಿನ್ ಪರೀಕ್ಷೆಯ ಬಗ್ಗೆ ಕೇಳಬೇಕು, ಅಷ್ಟೇ. ದೇಹದಲ್ಲಿ ಕಬ್ಬಿಣಾಂಶದ ದಾಸ್ತಾನು ಎಷ್ಟಿದೆ ಎಂದು ಹೇಳುವುದು ಅದು.

ಬೀಟ್‌ರೂಟಿನ ವಿಷಯ ನಮ್ಮ ಸಮಾಜದಲ್ಲಿ ಪದೇ ಪದೇ ಬರುತ್ತದೆ. ಗಡ್ಡೆ ತಿನ್ನದ ಮನೆಯವರಿಗೆ ‘ಅದಕ್ಕೇ ನಿಮಗೆ ರಕ್ತ ಇಲ್ಲ’ ಎನ್ನುವವರು ಕಡಿಮೆಯಿಲ್ಲ. ನಿಜಸ್ಥಿತಿ ಏನೆಂದರೆ 100 ಗ್ರಾಂ ಹಸಿ ಬೀಟ್‌ರೂಟಿನಲ್ಲಿರುವ ಕಬ್ಬಿಣ 1 ಮಿಲಿಗ್ರಾಂಗಿಂತಲೂ ಕಡಿಮೆ. ದಾಳಿಂಬೆಯಲ್ಲಿ ಅದರ ಅರ್ಧದಷ್ಟೂ ಇಲ್ಲ. ಬೀಟ್‌ರೂಟಿನ ಕೆಂಪಿಗೆ ಕಾರಣ ಅದರ ಸಸ್ಯವರ್ಣ, ಕಬ್ಬಿಣವಲ್ಲ. ಬಣ್ಣ ನೋಡಿ ರಕ್ತ ಎಂದುಕೊಂಡದ್ದು ಮನುಷ್ಯರ ಹಳೆಯ ಅಭ್ಯಾಸ, ಅಂತರ್ಜಾಲ ಅದನ್ನು ಸಾವಿರ ಬಾರಿ ನಕಲು ಮಾಡಿದೆ. ಅಷ್ಟೇ ತೂಕದ ಒಣ ರಾಗಿಯಲ್ಲಿ 4 ಮಿಲಿಗ್ರಾಂಗೂ ಹೆಚ್ಚು, ಹುರುಳಿಯಲ್ಲಿ 8ಕ್ಕೂ ಹೆಚ್ಚು ಕಬ್ಬಿಣವಿದೆ. ಎಳ್ಳಿನಲ್ಲಿ ಇನ್ನೂ ಹೆಚ್ಚು. ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರಿಗೂ ಇವು ಸಲ್ಲುತ್ತವೆ. ಊಟಕ್ಕೆ ನಿಂಬೆರಸ ಸೇರಿಸಿದರೆ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ, ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ.

ಇನ್ನು ಬಿ12. ಸಸ್ಯಾಹಾರಿಗಳಲ್ಲಿ ಇದರ ಕೊರತೆ ಸಾಮಾನ್ಯ. ಹಾಲು-ಮೊಸರಿನಿಂದ ಸ್ವಲ್ಪ ಸಿಗುತ್ತದೆ. ಈಚೆಗೆ ಅಹಿಂಸೆಯ ದೃಷ್ಟಿಯಿಂದ ಹಾಲನ್ನೂ ಬಿಟ್ಟ ಯುವಕ-ಯುವತಿಯರಿಗೆ ಆಹಾರದಿಂದ ಬಹುತೇಕ ಸಿಗುವುದೇ ಇಲ್ಲ. ಸ್ಪಿರುಲಿನಾದಲ್ಲಿ ಬೇಕಾದಷ್ಟಿದೆ ಎಂಬ ಪ್ರಚಾರ ಜೋರಾಗಿದೆ. ಅದರಲ್ಲಿರುವುದು ಹೆಚ್ಚಾಗಿ ಬಿ12ನ್ನು ಹೋಲುವ, ನಮ್ಮ ದೇಹ ಬಳಸಲಾರದ ವಸ್ತು. ಬಿ12 ಇಳಿದಾಗ ಫೋಲಿಕ್ ಆಮ್ಲ ಮಾತ್ರ ತೆಗೆದುಕೊಂಡರೆ ರಕ್ತದ ವರದಿ ಸುಧಾರಿಸಬಹುದು, ಆದರೆ ನರಗಳ ಹಾನಿ ಒಳಗೇ ಮುಂದುವರಿಯುತ್ತದೆ. ಪಾದಗಳಲ್ಲಿ ಜುಮು ಜುಮು, ನಡೆಯುವಾಗ ತೂರಾಟ ಕಂಡರೆ ತಡಮಾಡಬಾರದು. ಮಾತ್ರೆಯಲ್ಲಿನ ಬಿ12 ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಾಗುತ್ತದೆ, ಪ್ರಾಣಿ ಮೂಲದ್ದಲ್ಲ. ಜೆಲಾಟಿನ್ ಕ್ಯಾಪ್ಸೂಲಿನ ಹೊದಿಕೆಯ ಬಗ್ಗೆ ಆಕ್ಷೇಪವಿರುವವರು ಮಾತ್ರೆ ಅಥವಾ ಚುಚ್ಚುಮದ್ದು ಕೇಳಬಹುದು.

ಒಬ್ಬರಿಗೆ ಮದ್ದಾದದ್ದು ಇನ್ನೊಬ್ಬರಿಗೆ ವಿಷವಾಗುವುದು ತೀವ್ರ ಥಲಸ್ಸೇಮಿಯಾದಲ್ಲಿ. ಒಂದು ಯುನಿಟ್ ರಕ್ತದೊಡನೆ 200 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ದೇಹ ಸೇರುತ್ತದೆ. ದೇಹ ತಾನಾಗಿ ಹೊರಹಾಕುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಉಳಿದದ್ದು ಹೃದಯ, ಯಕೃತ್ತಿನಲ್ಲಿ ಶೇಖರವಾಗುತ್ತದೆ. ಅದನ್ನು ತೆಗೆಯಲೆಂದೇ ಈ ಮಕ್ಕಳು ನಿತ್ಯ ಔಷಧಿ ತೆಗೆದುಕೊಳ್ಳುತ್ತಾರೆ. ‘ಪಾಪ, ಮಗು ಬಿಳಿಚಿಕೊಂಡಿದೆ’ ಎಂದು ನೆಂಟರು ಮೊಬೈಲಿನಲ್ಲಿ ನೋಡಿ ತಂದುಕೊಡುವ ಟಾನಿಕ್ ಆ ಮಗುವಿಗೆ ಏನು ಮಾಡುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಹಿಮೊಫಿಲಿಯಾ ಅಂದರೆ ಕುಸುಮ ರೋಗ ಇರುವವರಿಗೆ ಕೀಲುನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ಸೂಚಿಸುವ ಪುಟಗಳೂ ಇದೇ ಬಗೆಯವು. ಅವು ರಕ್ತಸ್ರಾವ ಹೆಚ್ಚಿಸುತ್ತವೆ.

ಆರೋಗ್ಯ ಮಾಹಿತಿಯ ಗುಣಮಟ್ಟ ಅಳೆಯುವ ಪ್ರಯತ್ನಗಳು ಇಲ್ಲವೆಂದಲ್ಲ. 1997ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾ ಒಂದು ಸರಳ ಅಳತೆಗೋಲು ಕೊಟ್ಟಿತು. ಬರೆದವರು ಯಾರು, ಆಧಾರವೇನು, ಹಣ ಯಾರದು, ಯಾವಾಗ ಬರೆದದ್ದು ಎಂಬ ನಾಲ್ಕು ಪ್ರಶ್ನೆಗಳು ಅದರಲ್ಲಿವೆ. ಜಿನೀವಾದ ಹೆಲ್ತ್ ಆನ್ ದ ನೆಟ್ ಸಂಸ್ಥೆ ವಿಶ್ವಾಸಾರ್ಹ ತಾಣಗಳಿಗೆ ಮುದ್ರೆ ಕೊಡುತ್ತಿತ್ತು. ಅದು 2022ರ ಕೊನೆಗೆ ಮುಚ್ಚಿತು. ಈಗ ಹುಡುಕಿದ ತಕ್ಷಣ ಮೇಲ್ಗಡೆಯೇ ಕೃತಕ ಬುದ್ಧಿಮತ್ತೆಯ ಸಾರಾಂಶ ಬರುತ್ತದೆ. ಅದು ಓದಲು ಚೊಕ್ಕ. ಆದರೆ ಅದಕ್ಕೆ ಆ ನಾಲ್ಕು ಪ್ರಶ್ನೆ ಕೇಳಿದರೆ ಒಂದಕ್ಕೂ ನೇರ ಉತ್ತರ ಸಿಗುವುದು ಕಷ್ಟ.

ಕನ್ನಡದ ಓದುಗರ ಪಾಡು ಇನ್ನೂ ಬೇರೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಜನರಲ್ಲಿ ಈ ಕಾಯಿಲೆ ಇದೆ. ಥಲಸ್ಸೇಮಿಯಾ ಅಂತಾರಾಷ್ಟ್ರೀಯ ಒಕ್ಕೂಟದ ಮಾರ್ಗಸೂಚಿಗಳಂಥ ಒಳ್ಳೆಯ ಆಕರಗಳು ಇಂಗ್ಲಿಷಿನಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡದಲ್ಲಿ ಹುಡುಕಿದರೆ ನನಗೆ ಸಿಕ್ಕಿದ್ದು ಹೆಚ್ಚಾಗಿ ಮನೆಮದ್ದಿನ ವಿಡಿಯೊಗಳೇ. ಕುಟುಂಬಗಳಿಗೆ ನಿಜಕ್ಕೂ ಬೇಕಾದ ವಿಷಯ ಹಿಂದೆ ಉಳಿಯುತ್ತದೆ. ಉದಾಹರಣೆಗೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೇಮಿಯಾ, ಹಿಮೊಫಿಲಿಯಾ, ಸಿಕಲ್ ಸೆಲ್ ಮೂರೂ ಸೇರಿವೆ. ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಡಿ ಅಸ್ಥಿಮಜ್ಜೆ ಕಸಿಗೆ ಅರ್ಹರಿಗೆ 10 ಲಕ್ಷ ರೂ. ತನಕ ನೆರವಿದೆ. ಇದನ್ನು ‘ಏಳು ದಿನದಲ್ಲಿ ರಕ್ತ ಹೆಚ್ಚಿಸಿ’ ಎನ್ನುವ ವಿಡಿಯೊ ಹೇಳುವುದಿಲ್ಲ.

ಮೊದಲು ಹೇಳಿದ ಮನೆಗೆ ಮರಳೋಣ. ಎಚ್‌ಬಿಎ2 ಶೇ. 3.5ಕ್ಕಿಂತ ಹೆಚ್ಚು ಬಂದರೆ ಸಾಮಾನ್ಯವಾಗಿ ವಾಹಕರೆಂದು ಅರ್ಥ. ಕಬ್ಬಿಣಾಂಶದ ತೀವ್ರ ಕೊರತೆಯೂ ಇದ್ದರೆ ಈ ಅಂಕಿ ತಪ್ಪಾಗಿ ಕಡಿಮೆ ತೋರಬಹುದು, ಆಗ ಕೊರತೆ ಸರಿಪಡಿಸಿ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಹುಡುಗಿ ವಾಹಕಳೆಂದು ತಿಳಿದರೆ ಸಂಬಂಧ ಮುರಿಯಬೇಕಿಲ್ಲ, ಹುಡುಗನೂ ಅದೇ ಪರೀಕ್ಷೆ ಮಾಡಿಸಬೇಕು. ಅವನು ವಾಹಕನಲ್ಲದಿದ್ದರೆ ಮಕ್ಕಳಿಗೆ ತೀವ್ರ ಥಲಸ್ಸೇಮಿಯಾ ಬರುವ ಭಯವಿಲ್ಲ. ಅವನೂ ವಾಹಕನಾದರೆ ಗರ್ಭದ ಆರಂಭದ ತಿಂಗಳುಗಳಲ್ಲೇ ಮಾಡುವ ಪರೀಕ್ಷೆಗಳ ಬಗ್ಗೆ ತಜ್ಞರ ಬಳಿ ಮೊದಲೇ ಮಾತನಾಡಿಕೊಳ್ಳಬಹುದು.