ತಗಡಿನ ಮನುಷ್ಯನ ಶ್ವಾಸಕೋಶ

1939ರಲ್ಲಿ ತೆರೆಕಂಡ ‘ದ ವಿಝರ್ಡ್ ಆಫ್ ಓಝ್’ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಅದರ ‘ಶಾಪ’ದ ಕತೆ ತೆಗೆಯುತ್ತಾರೆ. ಸೆಟ್ಟಿನಲ್ಲಿ ಬೆಂಕಿ, ಆಸ್ಪತ್ರೆ ಸೇರಿದ ನಟರು, ಒಬ್ಬರ ಹಿಂದೊಬ್ಬರು ಬದಲಾದ ನಿರ್ದೇಶಕರು. ಸಿನಿಮಾ ಹುಚ್ಚಿನ ಗೆಳೆಯರು ಇದನ್ನು ದೆವ್ವದ ಕತೆಯಷ್ಟೇ ರುಚಿಕಟ್ಟಾಗಿ ಹೇಳುತ್ತಾರೆ. ನನ್ನ ತಕರಾರು ಆ ಪದದ ಮೇಲೆಯೇ. ಶಾಪ ಎಂದುಬಿಟ್ಟರೆ ತಪ್ಪಿಗೆ ವಾರಸುದಾರರೇ ಇರುವುದಿಲ್ಲ.

ತಗಡಿನ ಮನುಷ್ಯನ ಪಾತ್ರಕ್ಕೆ ಮೊದಲು ಬಣ್ಣ ಹಚ್ಚಿದವರು ಬಡ್ಡಿ ಎಬ್ಸನ್. ಮುಖಕ್ಕೆ ಉದುರಿಸಿದ್ದು ಅಲ್ಯೂಮಿನಿಯಂ ಪುಡಿ. ಕೆಲವೇ ದಿನಗಳಲ್ಲಿ ಉಸಿರು ಕಟ್ಟಿ ಅವರು ಆಕ್ಸಿಜನ್ ಟೆಂಟಿನೊಳಗೆ ಮಲಗಬೇಕಾಯಿತು. ಎಂಜಿಎಂ ಸ್ಟುಡಿಯೋ ಅವರ ಜಾಗಕ್ಕೆ ಜಾಕ್ ಹೇಲಿಯನ್ನು ತಂದಿತು. ಹೇಲಿಗೆ ಹಚ್ಚಿದ್ದು ಪುಡಿಯಲ್ಲ, ಪೇಸ್ಟ್. ಅಂದರೆ ಕಾರಣ ಸ್ಟುಡಿಯೋಗೆ ಗೊತ್ತಿತ್ತು, ಪರಿಹಾರ ಕೈಗೆಟುಕುವಂತೆಯೂ ಇತ್ತು. ಹಿಂದಿನವರಿಗೆ ಏನಾಯಿತೆಂದು ಹೇಲಿಗೆ ಮಾತ್ರ ಯಾರೂ ಹೇಳಲಿಲ್ಲ. ಎಬ್ಸನ್ ಧ್ವನಿ ಇಂದಿಗೂ ಚಿತ್ರದ ಒಂದು ಗುಂಪುಹಾಡಿನಲ್ಲಿದೆ, ಹೆಸರುಪಟ್ಟಿಯಲ್ಲಿ ಅವರಿಲ್ಲ.

1938ರ ಡಿಸೆಂಬರ್ 23ರಂದು ಮಾಟಗಾತಿಯ ಪಾತ್ರದ ಮಾರ್ಗರೆಟ್ ಹ್ಯಾಮಿಲ್ಟನ್ ಹೊಗೆಯ ನಡುವೆ ನೆಲದ ಗುಪ್ತ ಬಾಗಿಲಿನಿಂದ ಕೆಳಗಿಳಿಯಬೇಕಿತ್ತು. ಬೆಂಕಿ ಮೊದಲೇ ಹೊತ್ತಿಕೊಂಡು ಮುಖ, ಕೈ ಸುಟ್ಟವು. ಹಸಿರು ಮೇಕಪ್ಪಿನಲ್ಲಿ ತಾಮ್ರವಿತ್ತು. ಹಾಗಾಗಿ ಸುಟ್ಟ ಚರ್ಮದ ಮೇಲೇ ಆಲ್ಕೋಹಾಲ್ ಹಾಕಿ ಅದನ್ನು ಒರೆಸಿದರು. ಆರು ವಾರ ಕಳೆದು ಮರಳಿದ ಆಕೆ, ಇನ್ನು ಬೆಂಕಿಯ ಸಹವಾಸ ಬೇಡ ಎಂದರು. ಸ್ಟುಡಿಯೋ ಏನು ಮಾಡಿತು? ಹೊಗೆಯುಗುಳುವ ಪೊರಕೆಯ ಮೇಲೆ ಆಕೆಯ ಡೂಪ್ ಬೆಟ್ಟಿ ಡ್ಯಾಂಕೊರನ್ನು ಕೂರಿಸಿತು. ಅದು ಸಿಡಿದು ಅವರ ಕಾಲಿಗೆ ಗಾಯವಾಯಿತು. ಇದನ್ನೂ ಶಾಪದ ಖಾತೆಗೆ ಬರೆಯೋಣವೇ? ಹ್ಯಾಮಿಲ್ಟನ್ ಕೋರ್ಟಿಗೆ ಹೋಗಲಿಲ್ಲ. ಹೋದರೆ ಮುಂದೆ ಯಾರೂ ಕೆಲಸ ಕೊಡುವುದಿಲ್ಲ ಎಂಬುದು ಆಕೆಗೆ ತಿಳಿದಿತ್ತು. ಒಬ್ಬಂಟಿಯಾಗಿ ಮಗನನ್ನು ಸಾಕುತ್ತಿದ್ದ ತಾಯಿ ಆಕೆ.

ಮಂಚ್ಕಿನ್‌ಗಳಾಗಿ ನಟಿಸಿದ ನೂರಕ್ಕೂ ಹೆಚ್ಚು ಕುಬ್ಜ ಕಲಾವಿದರಿಗೆ ಪಟ್ಟಿಯಲ್ಲಿ ಸಿಕ್ಕಿದ್ದು ಒಂದೇ ಸಾಮೂಹಿಕ ಹೆಸರು, ಅದೂ ಅವರ ಮ್ಯಾನೇಜರನದು. ಅವರ ಕುಡಿತ, ಗಲಾಟೆಯ ಗಾಳಿಸುದ್ದಿಗಳು ಮಾತ್ರ ದಶಕಗಟ್ಟಲೆ ಬಾಳಿದವು. ಯಾರ ನೋವು ಯಾರಿಗೆ ತಮಾಷೆಯಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

‘ಇಷ್ಟೆಲ್ಲ ಆಗದಿದ್ದರೆ ಅಂಥ ಚಿತ್ರ ಬರುತ್ತಿತ್ತೇ?’ ಎಂದು ಕೇಳುವವರಿದ್ದಾರೆ. ನಾನೂ ಆ ಚಿತ್ರವನ್ನು ಮೆಚ್ಚಿ ನೋಡುವವನೇ. ಕಂದು ಛಾಯೆಯ ಮನೆಯ ಬಾಗಿಲು ತೆರೆದು ಬಣ್ಣದ ಲೋಕ ಕಾಣುವ ಗಳಿಗೆ ಈಗಲೂ ಮೈನವಿರೇಳಿಸುತ್ತದೆ. ಆದರೆ ಎಬ್ಸನ್‌ರ ಶ್ವಾಸಕೋಶಕ್ಕೆ ಪುಡಿ ಹೋದದ್ದರಿಂದ ಚೆಂದವಾದ ಒಂದೇ ಒಂದು ದೃಶ್ಯವನ್ನು ತೋರಿಸಿ. ಪೇಸ್ಟ್ ಹಚ್ಚಿಕೊಂಡ ಹೇಲಿಯೂ ತೆರೆಯ ಮೇಲೆ ತಗಡಿನಂತೆಯೇ ಹೊಳೆಯುತ್ತಾರೆ.